ಬುಡಬುಡಿಕೆ ಕೇಳಿಸಿಕೊಂಡ ಉಸಿರು

ಸಿನಿಮಾ ರೀಲು ತುಂಡಾದಾಗ ಅಂಟಿಸುತ್ತಿದ್ದ ಸಲ್ಯೂಷನ್ನಿನ ವಾಸನೆಯನ್ನು ವನಮಾಲಾ ಇಷ್ಟು ವರ್ಷವಾದರೂ ಮರೆತಿರಲಿಲ್ಲ. ತೀರಾ ಕಳಿತ ಬಾಳೆಹಣ್ಣಿನಂಥ ವಾಸನೆ. ಅದರ ಬೆನ್ನಿಗೇ ಪ್ರೊಜೆಕ್ಟರಿನೊಳಗೆ ಉರಿಯುವ ಕಾರ್ಬನ್ ಕಡ್ಡಿಯ ಘಾಟು. ತಿಪಟೂರಿನ ಟಾಕೀಸೊಂದರಲ್ಲಿ ಅವಳ ಅಪ್ಪ ಆಪರೇಟರ್ ಆಗಿದ್ದರು. ಮ್ಯಾಟಿನಿ ದಿನ ಮನೆಗೆ ಬಂದು ಉಣ್ಣಲು ಅವರಿಗೆ ಪುರುಸೊತ್ತಿರುತ್ತಿರಲಿಲ್ಲ. ಅಮ್ಮ ತುಂಬಿಕೊಟ್ಟ ಹಿತ್ತಾಳೆ ಕ್ಯಾರಿಯರ್ ಹಿಡಿದುಕೊಂಡು ಕಬ್ಬಿಣದ ಮೆಟ್ಟಿಲು ಹತ್ತಿ ಕ್ಯಾಬಿನ್ನಿಗೆ ಹೋಗುವುದು ಮಗಳ ಕೆಲಸ. ಒಳಗೆ ಮಾತಾಡುವಂತಿರಲಿಲ್ಲ. ಅಪ್ಪನ ಕಣ್ಣು ಪರದೆಯ ಮೇಲಿದ್ದರೂ ಕಿವಿ ಮಾತ್ರ ಯಂತ್ರದ ಮೇಲೆಯೇ ಇರುತ್ತಿತ್ತು. ರೀಲಿನ ಸದ್ದು ಒಂದಿಷ್ಟು ಬದಲಾದರೆ ಸಾಕು, "ಈಗ ಹರಿಯುತ್ತೆ ನೋಡು" ಎಂದು ತುಟಿಯಲ್ಲೇ ಹೇಳುತ್ತಿದ್ದರು. ಹರಿಯುತ್ತಿತ್ತು. ಕೆಳಗೆ ಜನ ಶಿಳ್ಳೆ ಹೊಡೆದು ಬೈಯುತ್ತಿದ್ದರು.

"ಗೊತ್ತಾದ ಮೇಲೆ ನಿಲ್ಲಿಸೋಕೆ ಆಗಲ್ವಾಪ್ಪ?" ಎಂದು ಅವಳು ಒಮ್ಮೆ ಕೇಳಿದ್ದಳು.

"ಗೊತ್ತಾಗೋ ಹೊತ್ತಿಗೆ ಹರಿದಿರುತ್ತೆ ಮಗಳೆ," ಎಂದಿದ್ದರು ಅಪ್ಪ.

ಆ ಕ್ಯಾರಿಯರಿನ ಒಂದು ಪಕ್ಕದ ಕೊಂಡಿ ಮುರಿದಾಗ ಅವರು ಒಂದು ಗೇಣು ರೀಲಿನ ತುಂಡಿನಿಂದ ಅದನ್ನು ಬಿಗಿದು ಕಟ್ಟಿದ್ದರು. ಅಪ್ಪ ಹೋದರು, ಟಾಕೀಸು ಹೋಗಿ ಕಲ್ಯಾಣ ಮಂಟಪ ಬಂತು, ಕ್ಯಾರಿಯರ್ ಮಾತ್ರ ಬೆಂಗಳೂರಿನ ಶೇಷಾದ್ರಿಪುರದ ಮನೆಯಲ್ಲಿ ಉಳಿಯಿತು. ಈಗ ಅದನ್ನು ದಿನವೂ ತೊಳೆದು ತುಂಬುತ್ತಿದ್ದವರು ಅವಳ ಅತ್ತಿಗೆ ಪಂಕಜಾಕ್ಷಿ. ಅಣ್ಣ ತೀರಿಕೊಂಡ ಮೇಲೆ ಆ ಮನೆಯಲ್ಲಿ ಇದ್ದವರು ಇವರಿಬ್ಬರೇ. ವನಮಾಲಾ ಮದುವೆಯ ಗೋಜಿಗೆ ಹೋಗಿರಲಿಲ್ಲ.

ಅವಳದು ಜಾಲಹಳ್ಳಿಯ ಪ್ರಯೋಗಾಲಯದಲ್ಲಿ ಧ್ವನಿತಜ್ಞೆಯ ಕೆಲಸ. ಅಲ್ಲಿ ಒಂದು ಯಂತ್ರವಿತ್ತು. ಕಡತಗಳಲ್ಲಿ ಅದಕ್ಕೆ ಉದ್ದನೆಯ ಹೆಸರಿದ್ದರೂ ಎಲ್ಲರೂ ಕರೆಯುತ್ತಿದ್ದದ್ದು ಬುಡಬುಡಿಕೆ ಎಂದೇ. ಹೆಸರಿಟ್ಟವರು ಪ್ರಯೋಗಾಲಯದ ಮುಖ್ಯಸ್ಥ ಬೋಪಯ್ಯನವರು. "ಬೆಳಕು ಹರಿಯೋ ಮುಂಚೆ ಬಾಗಿಲಿಗೆ ಬಂದು, ನಾವು ಕೇಳದಿದ್ರೂ ಭವಿಷ್ಯ ಹೇಳಿ ಹೋಗ್ತಾನಲ್ಲ, ಅವನ ಜಾತಿ ಇದು. ಹೇಳ್ತದೆ, ಯಾಕೆ ಅಂತ ಕೇಳಿದ್ರೆ ಡಮರು ಅಲ್ಲಾಡಿಸ್ತದೆ," ಎನ್ನುತ್ತಿದ್ದರು.

ಬುಡಬುಡಿಕೆ ಹೇಳಬೇಕಾಗಿದ್ದ ಭವಿಷ್ಯ ಒಂದೇ: ಪ್ರತಿ ವರ್ಷದ ಸ್ವರ್ಣಹಂಸ ಚಲನಚಿತ್ರ ಪ್ರಶಸ್ತಿ ಯಾರಿಗೆ ಬರುತ್ತದೆ ಎಂಬುದು. ಪ್ರಶಸ್ತಿ ಆರಂಭವಾದಂದಿನಿಂದ ಸ್ಪರ್ಧೆಗೆ ಬಂದ ಎಲ್ಲ ಚಿತ್ರಗಳನ್ನೂ ಅದಕ್ಕೆ ಉಣಿಸಿದ್ದರು. ಮುಖ, ಬೆಳಕು, ಸಂಗೀತ, ಮಾತು ಎಲ್ಲವನ್ನೂ ಅದು ನುಣ್ಣಗೆ ಅರೆದುಕೊಂಡು, ಗೆದ್ದ ಚಿತ್ರಗಳಲ್ಲಿ ಇದ್ದು ಸೋತವುಗಳಲ್ಲಿ ಇಲ್ಲದ್ದು ಏನೆಂದು ತಾನೇ ಹುಡುಕಿಕೊಂಡಿತ್ತು. ತೀರ್ಪುಗಾರರು ತಮ್ಮ ನಿರ್ಧಾರಕ್ಕೆ ಅರಗು ಒತ್ತಿದ ಮೇಲೆ, ಸಮಾರಂಭಕ್ಕೆ ಸ್ವಲ್ಪ ಮುಂಚೆ, ಒಂದು ಟಿವಿ ಚಾನೆಲ್ಲು ಯಂತ್ರದ ಮಾತನ್ನು ಪ್ರಸಾರ ಮಾಡುತ್ತಿತ್ತು. ಒಂದು ವರ್ಷವೂ ಅದು ತಪ್ಪಿರಲಿಲ್ಲ. ಹಾಗಾಗಿ ಸಮಾರಂಭದ ಚಹರೆಯೇ ಬದಲಾಗಿತ್ತು. ಹೆಸರು ಬಾರದವರು ಅರ್ಧ ದಾರಿಯಲ್ಲೇ ಕಾರು ತಿರುಗಿಸಿ ಮನೆಗೆ ಹೋಗುತ್ತಿದ್ದರು. ಒಬ್ಬ ಹಿರಿಯ ನಟರು ಮಾತ್ರ, ತಮಗೆ ಬರುವುದಿಲ್ಲವೆಂದು ಗೊತ್ತಿದ್ದೂ, ಮುಂದಿನ ಸಾಲಿನಲ್ಲಿ ಕೊನೆಯವರೆಗೆ ಕೂತು, ಗೆದ್ದ ಹುಡುಗನ ಕಾಲರು ಸರಿಮಾಡಿ ವೇದಿಕೆಗೆ ಕಳಿಸಿದ್ದರು. ಅದು ಪ್ರಸಾರದಲ್ಲಿ ಬರಲಿಲ್ಲ. ಸಭಾಂಗಣದ ನಿಯಂತ್ರಣ ಕೊಠಡಿಯಲ್ಲಿ ಡ್ಯೂಟಿಗೆ ಕೂತಿದ್ದ ವನಮಾಲಾ ನೋಡಿದ್ದಳು.

ಈ ವರ್ಷ ಅತ್ಯುತ್ತಮ ನಟಿಯೆಂದು ಯಂತ್ರ ಹೇಳಿದ ಹೆಸರು ಇಶಾನಿ. ಮುಂಬೈಯಿಂದ ಬಂದ ಹುಡುಗಿ, ಕನ್ನಡದಲ್ಲಿ ಇದೇ ಮೊದಲ ಚಿತ್ರ. ಅನುಭವದಲ್ಲಿ ಅವಳಿಗಿಂತ ಎಷ್ಟೋ ಮೇಲಿದ್ದ ಭಾಮಿನಿ ಬಹಳ ಹಿಂದೆ ಉಳಿದಿದ್ದಳು. ಯಂತ್ರ ಯಾರ ಬಗ್ಗೆಯೂ ಇಷ್ಟು ಖಚಿತವಾಗಿ ಹೇಳಿದ್ದಿಲ್ಲ. ಕಾರಣವೇನೆಂದು ಹುಡುಕಿಕೊಡಿ, ಜನರಿಗೆ ತೋರಿಸೋಣ ಎಂದು ಚಾನೆಲ್ಲಿನವರು ದುಂಬಾಲು ಬಿದ್ದರು.

ವನಮಾಲಾ ಒಂದೊಂದನ್ನೇ ಮುಚ್ಚಿ ನೋಡಿದಳು. ಇಶಾನಿಯ ಮುಖ ಮುಚ್ಚಿದಳು. ಯಂತ್ರದ ಮಾತು ಬದಲಾಗಲಿಲ್ಲ. ಸಂಗೀತ ತೆಗೆದಳು, ಆಗಲೂ ಇಲ್ಲ. ಧ್ವನಿ ತೆಗೆದಳು. ಇಶಾನಿಯ ಹೆಸರು ದಡಾರನೆ ಪಟ್ಟಿಯ ತಳಕ್ಕೆ ಬಿತ್ತು. ಆ ಧ್ವನಿಯೊಳಗೂ ಕೆದಕಿದಳು. ಅದು ಸ್ವರವಲ್ಲ, ಉಚ್ಚಾರವಲ್ಲ, ಮಾತಿನ ನಡುವಣ ಬಿಡುವು. ಆಡುವವಳು ಪದದ ನಡುವೆ, ಯಾರೂ ಉಸಿರೆಳೆಯದ ಜಾಗದಲ್ಲಿ, ಕೂದಲೆಳೆಯಷ್ಟು ಉಸಿರೆಳೆದುಕೊಳ್ಳುತ್ತಿದ್ದಳು. ಎಲ್ಲಿದೆಯೆಂದು ತಿಳಿಯದ ಕಿವಿಗೆ ಅದು ಸಿಗುತ್ತಲೇ ಇರಲಿಲ್ಲ. ಕಂಪ್ಯೂಟರ್ ತೆರೆಯ ಮೇಲೆ ಮೂಡುವ ಧ್ವನಿಯ ಅಲೆಯಲ್ಲಿ ಮಾತ್ರ, ಬಟ್ಟೆಯಲ್ಲಿ ಒಂದು ನೂಲು ಬಿಟ್ಟಂತೆ ಕಾಣುತ್ತಿತ್ತು.

ಅಂಥ ಉಸಿರು ಹಳೆಯ ಚಿತ್ರಗಳಲ್ಲಿ ಬೇರೆಲ್ಲಾದರೂ ಇದೆಯೇ ಎಂದು ಯಂತ್ರವನ್ನೇ ಕೇಳಿದಳು. ಅದು ಕೆಲವೇ ಹೆಸರು ಕೊಟ್ಟಿತು. ಎಲ್ಲರೂ ಸ್ವರ್ಣಹಂಸ ಗೆದ್ದವರು.

ಬೋಪಯ್ಯ ಕುರ್ಚಿ ಎಳೆದುಕೊಂಡು ಕೂತು ಆ ಹೆಸರುಗಳನ್ನು ಓದಿದರು. ಅವರ ಮುಖದ ನಗು ಮೆಲ್ಲಗೆ ಇಳಿಯಿತು.

"ಇವರು ಯಾರೂ ಈಗ ಇಲ್ಲ, ವನಮಾಲಾ."

"ಹಳಬರಲ್ವಾ ಸಾರ್."

"ಹಳಬರು ಅಂತ ಅಲ್ಲ. ಪ್ರಶಸ್ತಿ ತಗೊಂಡು ವರ್ಷ ತುಂಬೋದ್ರೊಳಗೆ ಹೋದವರು." ಅವರು ಒಂದು ಹೆಸರಿನ ಮೇಲೆ ಬೆರಳಿಟ್ಟರು. "ಈಕೆ ನನಗೆ ದೂರದ ನೆಂಟರು. ಸಮಾರಂಭದ ದಿನ ಚೆನ್ನಾಗೇ ಇದ್ರು. ಕಾಯಿಲೆ ಏನೂ ಇಲ್ಲ ಅಂತ ಅವರೂ ತಿಳ್ಕೊಂಡಿದ್ರು."

ಯಂತ್ರ ತಣ್ಣಗೆ ಗುಂಯ್ ಎನ್ನುತ್ತಿತ್ತು. ಆಮೇಲೆ ಬೋಪಯ್ಯ, ತಮಗೇ ಹೇಳಿಕೊಳ್ಳುವವರಂತೆ, "ಉಸಿರು ಕಮ್ಮಿ ಆದಾಗ ಮನುಷ್ಯ ಮಾತು ದುಂದು ಮಾಡಲ್ಲ. ಒಂದೊಂದು ಪದವನ್ನೂ ಕೈಯಲ್ಲಿ ಹಿಡಿದು ನೋಡಿ ಇಡ್ತಾನೆ. ಕೇಳೋರಿಗೆ ಯಾಕೆ ಅಂತ ಗೊತ್ತಾಗಲ್ಲ, ಗಂಟಲು ಕಟ್ತದೆ. ತೀರ್ಪುಗಾರರು ಅದನ್ನ ನಟನೆ ಅಂದ್ಕೊಳ್ತಾರೆ. ಈ ಯಂತ್ರಕ್ಕೆ ರೋಗ ಗೊತ್ತಿಲ್ಲ, ಸಾವು ಗೊತ್ತಿಲ್ಲ. ಯಾವ ಉಸಿರಿಗೆ ಹಂಸ ಸಿಗ್ತದೆ ಅನ್ನೋದಷ್ಟೇ ಗೊತ್ತು," ಎಂದರು.

"ಆ ಹುಡುಗಿಗೆ ಇನ್ನೂ ಮೂವತ್ತು ಆಗಿಲ್ಲ ಸಾರ್."

"ಚಾನೆಲ್ಲಿನವರಿಗೆ ಕಾರಣ ಸಿಗಲಿಲ್ಲ ಅಂತ ಹೇಳಿಬಿಡಿ. ಆ ಹುಡುಗಿಗೆ..." ಬೋಪಯ್ಯ ಕನ್ನಡಕ ತೆಗೆದು ಒರೆಸಿದರು. "ಹೆಂಗಸರು ಹೆಂಗಸರು ಮಾತಾಡ್ಕೊಳ್ಳಿ. ನನ್ನಿಂದ ಆಗಲ್ಲ."

ಮನೆಗೆ ಬಂದಾಗ ಅಡುಗೆಮನೆಯಲ್ಲಿ ಪಂಕಜಾಕ್ಷಿ ಸ್ಟೂಲಿನ ಮೇಲೆ ಕೂತು ರೊಟ್ಟಿ ತಟ್ಟುತ್ತಿದ್ದರು. ಈಚೆಗೆ ಅವರು ಒಲೆಯ ಮುಂದೆ ನಿಲ್ಲುವುದನ್ನು ಬಿಟ್ಟಿದ್ದರು. ಮಂಡಿನೋವು ಎನ್ನುತ್ತಿದ್ದರು.

"ಏನಮ್ಮ ವನೂ, ನಿಮ್ಮ ಬುಡಬುಡಿಕೆ ಬಾಯಿ ಬಿಟ್ಟಿತಾ?"

"ಹೇಳೋ ಹಾಗಿಲ್ಲ ಅತ್ತಿಗೆ."

"ನಂದೂ ಅದೇ ಹಣೇಬರಹ. ಹೇಳೋ ಹಾಗಿಲ್ಲ. ಒಂದೇ ಮನೇಲಿ ಇಬ್ಬರು ಮೂಗಿಯರು," ಎಂದು ಅವರು ನಕ್ಕರು.

ಪಂಕಜಾಕ್ಷಿ ಮೂವತ್ತು ವರ್ಷಗಳಿಂದ ಗಾಂಧಿನಗರದ ಡಬ್ಬಿಂಗ್ ಥಿಯೇಟರುಗಳಲ್ಲಿ ಬೇರೆಯವರ ತುಟಿಗೆ ಮಾತು ತುಂಬುತ್ತಿದ್ದವರು. ಅರವತ್ತು ದಾಟಿದರೂ ಅವರ ಗಂಟಲಿನಿಂದ ಹದಿನೆಂಟರ ಹುಡುಗಿಯೂ ಬರುತ್ತಿದ್ದಳು, ಹಲ್ಲಿಲ್ಲದ ಮುದುಕಿಯೂ ಬರುತ್ತಿದ್ದಳು. ಚಿತ್ರದ ಆರಂಭದಲ್ಲಿ ಹೆಸರುಗಳು ಓಡುವಾಗ ಅವರದು ಇರುತ್ತಿರಲಿಲ್ಲ. ಯಾರಿಗೆ ಮಾತು ಕೊಟ್ಟೆ ಎಂದು ಅವರೂ ಹೊರಗೆ ಆಡುವಂತಿರಲಿಲ್ಲ; ನಾಯಕಿಯ ಮಾನದ ಪ್ರಶ್ನೆ. ಅಣ್ಣ ಇದ್ದಾಗಲೂ ಮನೆಯಲ್ಲಿ ಆ ಮಾತು ಬರುತ್ತಿರಲಿಲ್ಲ. ವನಮಾಲಾ ಕೇಳುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಯಂತ್ರಕ್ಕೆ ಹೆಸರು ತುಂಬುವಾಗಲೂ ಅವಳು ಚಿತ್ರದ ಆರಂಭದಲ್ಲಿ ಓಡುವ ಆ ಹೆಸರುಗಳನ್ನೇ ತುಂಬಿದ್ದಳು. ಬೇರೆ ಎಲ್ಲಿಂದ ತರಬೇಕು?

ಸ್ಪರ್ಧೆಯಲ್ಲಿದ್ದ ನಟಿಯರನ್ನು ಚಾನೆಲ್ಲಿನವರು ಪ್ರಯೋಗಾಲಯಕ್ಕೆ ಕರೆತಂದು ಯಂತ್ರದ ಮುಂದೆ ನಿಲ್ಲಿಸಿ ಚಿತ್ರೀಕರಿಸುವ ಪದ್ಧತಿ ಇತ್ತು. ಇಶಾನಿ ಬಂದ ದಿನ ಕ್ಯಾಮೆರಾದವರು ದೀಪ ಜೋಡಿಸುತ್ತಿದ್ದಾಗ ವನಮಾಲಾ ಅವಳನ್ನು ತನ್ನ ಚಿಕ್ಕ ಕೋಣೆಗೆ ಕರೆದು ಕೂರಿಸಿದಳು. ನೀರು ಕೊಟ್ಟಳು. ಹೇಗೆ ಶುರುಮಾಡುವುದೆಂದು ತಿಳಿಯದೆ, "ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತಾ ಅಮ್ಮ ನಿನಗೆ?" ಎಂದು ಕೇಳಿದಳು.

ಇಶಾನಿ ಕಣ್ಣರಳಿಸಿದಳು. "ನಂಗಾ? ಇಲ್ಲ ಮೇಡಂ. ನಾನು ಮಾರ್ನಿಂಗ್ ರನ್ನಿಂಗ್ ಹೋಗ್ತೀನಿ. ಲಾಸ್ಟ್ ಮಂತ್ ಇನ್ಶೂರೆನ್ಸ್‌ಗೆ ಎಲ್ಲ ಟೆಸ್ಟ್ ಆಯ್ತು. ಡಾಕ್ಟರ್ ಹೇಳಿದ್ರು, ಕುದುರೆ." ಆಮೇಲೆ ಏನೋ ಹೊಳೆದಂತೆ ನಕ್ಕಳು. "ನೀವು ಪಿಕ್ಚರ್ ಕೇಳಿ ಹೇಳ್ತಿದ್ದೀರಾ? ಅದು ನನ್ನ ವಾಯ್ಸ್ ಅಲ್ಲ ಮೇಡಂ. ನಂದು ಕನ್ನಡ ಕೇಳಿದ್ರೆ ಜನ ಥಿಯೇಟರ್ ಬಿಟ್ಟು ಓಡ್ತಾರೆ."

ವನಮಾಲಾಳ ಎದೆಯಿಂದ ಒಂದು ಭಾರ ಇಳಿಯಿತು. ಈ ಮಗುವಿಗೆ ಏನೂ ಆಗಿಲ್ಲ. ಅವಳೂ ನಕ್ಕುಬಿಟ್ಟಳು.

"ಒಬ್ಬರು ಅಮ್ಮ ಇದ್ದಾರೆ," ಇಶಾನಿ ದನಿ ತಗ್ಗಿಸಿದಳು. "ಹೇಳಬಾರದು, ಆದ್ರೆ ನೀವು ಒಳ್ಳೆಯವರು. ಡಬ್ಬಿಂಗ್ ನೋಡೋಕೆ ಅಂತ ನಾನು ಒಂದು ದಿನ ಹೋಗಿದ್ದೆ. ಊಟದ ಟೈಮು. ನಂಗೆ ಯಾರೂ ಏನೂ ತಂದಿಲ್ಲ. ಅವರು ಅವರ ಡಬ್ಬ ತೆಗೆದು, ಅರ್ಧ ಮೊಸರನ್ನ ನಂಗೆ. ಕೇಳಲೇ ಇಲ್ಲ, ಸುಮ್ಮನೆ ಮುಂದೆ ಇಟ್ಟರು. ಹಳೇ ಡಬ್ಬ ಮೇಡಂ, ಹಿತ್ತಾಳೆ. ಒಂದು ಸೈಡ್ ಲಾಕ್ ಇಲ್ಲ, ಸಿನಿಮಾ ರೀಲ್‌ನಿಂದ ಕಟ್ಟಿದ್ದಾರೆ. ಎಷ್ಟು ಮುದ್ದು ಅಲ್ವಾ?"

ವನಮಾಲಾ ಏನು ಹೇಳಿದಳೋ ಅವಳಿಗೇ ನೆನಪಿಲ್ಲ. ಹುಡುಗಿ ಎದ್ದು ಬಂದು ಅವಳ ಬೆನ್ನು ಸವರಿದ್ದು, ತನಗೆ ಕೊಟ್ಟಿದ್ದ ನೀರಿನ ಲೋಟವನ್ನೇ ಅವಳ ಬಾಯಿಗೆ ಹಿಡಿದದ್ದು ನೆನಪಿದೆ. ಹೊರಗೆ ದೀಪ ಹೊತ್ತಿಕೊಂಡಿತು, ಯಾರೋ ಇಶಾನಿಯನ್ನು ಕೂಗಿದರು.

ಎಲ್ಲರೂ ಹೋದ ಮೇಲೆ ಅವಳು ಹೆಡ್‌ಫೋನ್ ಹಾಕಿಕೊಂಡು ಕೂತಳು. ಇಷ್ಟು ದಿನ ಅವಳು ನೋಡಿದ್ದು ಅಲೆಗಳನ್ನು. ಮಾತನ್ನು ಮನಸ್ಸಿಟ್ಟು ಕೇಳಿಯೇ ಇರಲಿಲ್ಲ. ಚಿತ್ರದಲ್ಲಿ ಗಂಡನನ್ನು ಕಳಿಸಿಕೊಡುವ ಒಬ್ಬ ಹುಡುಗಿ, "ನೀವು ಹೋಗಿ ಬನ್ನಿ, ನಾನೇನೂ ಅಳ್ತಾ ಇಲ್ಲ" ಎನ್ನುತ್ತಿದ್ದಳು. ಎಳೆಯ ಗಂಟಲು. ಅತ್ತಿಗೆಯ ಸುಳಿವೇ ಅಲ್ಲಿರಲಿಲ್ಲ. ಆದರೆ 'ಅಳ್ತಾ' ಎಂಬಲ್ಲಿ ಆ ನೂಲು ಬಿಟ್ಟ ಜಾಗವಿತ್ತು. ಹಿಂದಿನ ರಾತ್ರಿ ಅತ್ತಿಗೆ ರೊಟ್ಟಿ ಬಡಿಸುತ್ತ, "ಇನ್ನೊಂದು ಹಾಕಿಸ್ಕೊ" ಎಂದಾಗಲೂ ಅದೇ ಇತ್ತು. ವನಮಾಲಾ ಎದುರಿಗೇ ಕೂತು, ಕಿವಿಗೊಡದೆ ಉಂಡು ಎದ್ದಿದ್ದಳು.

ಡಾಕ್ಟರ್ ಬಳಿ ಹೋಗೋಣ ಎಂದಾಗ ಪಂಕಜಾಕ್ಷಿ ಜಗ್ಗಲಿಲ್ಲ. "ಮಂಡಿನೋವಿಗೆ ಎದೆ ಫೋಟೋ ಯಾಕೆ?" ಎಂದರು. ತನಗೂ ತೋರಿಸಿಕೊಳ್ಳುವುದಿದೆ ಎಂದು ಸುಳ್ಳು ಹೇಳಿ ವನಮಾಲಾ ಅವರನ್ನು ಹೊರಡಿಸಿದಳು. ಡಾಕ್ಟರ್ ಜುಬೇದಾ ವಯಸ್ಸಾದ ಹೆಂಗಸು, ನಿಧಾನಿ. ಎದೆಯ ಎಕ್ಸ್‌ರೇ ಚಿತ್ರಗಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಶ್ವಾಸಕೋಶ ಒಳಗಿಂದ ಗಟ್ಟಿಯಾಗ್ತಾ ಬರ್ತಿದೆ ಅಮ್ಮ. ಗಾಯ ಮಾಗಿದಾಗ ಚರ್ಮ ಬಿಗಿಯಾಗುತ್ತಲ್ಲ, ಹಾಗೆ. ಮಾತ್ರೆ ಕೊಡ್ತೀನಿ. ಸ್ವಲ್ಪ ತಡೀಬಹುದು. ವಾಪಸು ಮೆತ್ತಗೆ ಮಾಡೋಕೆ ನಮ್ಮ ಹತ್ತಿರ ಏನೂ ಇಲ್ಲ."

"ಎಷ್ಟು ದಿನ ಅಂತ..." ವನಮಾಲಾ ಶುರುಮಾಡಿದಳು.

"ಅದನ್ನ ಯಾರೂ ಹೇಳೋಕೆ ಆಗಲ್ಲ," ಎಂದರು ಡಾಕ್ಟರ್. ಹೇಳಬಲ್ಲದ್ದು ಒಂದಿದೆ, ಜಾಲಹಳ್ಳಿಯಲ್ಲಿ ಗುಂಯ್ ಎನ್ನುತ್ತ ಕೂತಿದೆ ಎಂದು ವನಮಾಲಾ ಬಾಯಿಬಿಡಲಿಲ್ಲ.

ಆಟೋದಲ್ಲಿ ಪಂಕಜಾಕ್ಷಿ ಸುಮಾರು ಹೊತ್ತು ಹೊರಗೆ ನೋಡುತ್ತಿದ್ದರು. ಮೆಜೆಸ್ಟಿಕ್ಕಿನ ಹತ್ತಿರ ಸಿಗ್ನಲ್ಲಿಗೆ ನಿಂತಾಗ, "ಮೂವತ್ತು ವರ್ಷ ಕಂಡಕಂಡವರಿಗೆಲ್ಲ ಉಸಿರು ಹಂಚಿದ್ದಾಯ್ತು. ನನಗೆ ಅಂತ ಒಂದಿಷ್ಟು ಎತ್ತಿಡಬೇಕಿತ್ತು ನೋಡು," ಎಂದರು. ಆಟೋದವನು ಕನ್ನಡಿಯಲ್ಲಿ ನೋಡಿದ. ಆಮೇಲೆ ಮನೆಯವರೆಗೂ ಹಳ್ಳ ಬಂದಲ್ಲೆಲ್ಲ ನಿಧಾನ ಮಾಡಿಕೊಂಡು ಓಡಿಸಿದ.

ಅಂದಿನಿಂದ ವನಮಾಲಾ ಪ್ರಯೋಗಾಲಯದಲ್ಲಿ ಮಾಡಿದ ಕೆಲಸಗಳು ವಿಜ್ಞಾನ ಓದಿದವಳು ಮಾಡುವಂಥವಲ್ಲ. ಇಶಾನಿಯ ಹೆಸರು ಅಳಿಸಿ ಪಂಕಜಾಕ್ಷಿ ಎಂದು ಬರೆದಳು, ಅರವತ್ತು ದಾಟಿದ ವಯಸ್ಸು ಬರೆದಳು. ಯಂತ್ರಕ್ಕೆ ಹೆಸರು, ವಯಸ್ಸು ಯಾವುದೂ ಬೇಕಿರಲಿಲ್ಲ. ಅದೇ ಮಾತು ಹೇಳಿತು. ಆ ಬಿಡುವುಗಳನ್ನು ಒಂದೊಂದಾಗಿ ಕತ್ತರಿಸಿ ಅಲೆಯನ್ನು ನಯವಾಗಿ ಹೊಲಿದಳು. ಆಗ ಯಂತ್ರದ ಪಟ್ಟಿಯಲ್ಲಿ ಭಾಮಿನಿ ಗೆದ್ದಳು. ತೆರೆಯ ಮೇಲಿನ ಅಲೆಯಲ್ಲಿ ಅತ್ತಿಗೆ ಅಡ್ಡಿಯಿಲ್ಲದೆ, ಸಲೀಸಾಗಿ ಉಸಿರಾಡುತ್ತಿದ್ದರು. ಅದನ್ನೇ ನೋಡುತ್ತ ಕೂತಿದ್ದವಳ ಭುಜದ ಮೇಲೆ, ಅವಳಿಂದಲೇ ಎಲ್ಲ ತಿಳಿದಿದ್ದ ಬೋಪಯ್ಯ ಕೈ ಇಟ್ಟರು.

"ಜ್ವರ ಇಳಿಯಲಿ ಅಂತ ಥರ್ಮಾಮೀಟರಿನ ಮೇಲೆ ತಣ್ಣೀರು ಹಾಕ್ತಾ ಇದ್ದೀರಿ ನೀವು."

"ಗೊತ್ತು ಸಾರ್."

"ಮೊದಲಿದ್ದ ಹಾಗೆ ಇಟ್ಟುಬಿಡಿ. ಬೇಡ, ನೀವು ಏಳಿ. ನಾನೇ ಇಡ್ತೇನೆ."

ಅವಳಿಗೆ ಉಳಿದ ಆಸೆ ಒಂದೇ. ಯಂತ್ರ ಈ ಸಲ ತಪ್ಪಬೇಕು. ಭಾಮಿನಿ ಗೆಲ್ಲಬೇಕು. ಪ್ರಶಸ್ತಿಗೂ ಶ್ವಾಸಕೋಶಕ್ಕೂ ಸಂಬಂಧವಿಲ್ಲ, ತೀರ್ಪುಗಾರರು ಯಾರ ಹೆಸರು ಬರೆದಿದ್ದರೂ ಅತ್ತಿಗೆಯ ಎದೆಯ ಚಿತ್ರ ಬದಲಾಗುವುದಿಲ್ಲ ಎಂಬುದು ಅವಳಿಗೆ ತಿಳಿಯದ್ದಲ್ಲ. ಆದರೂ ಆ ಉಸಿರಿದ್ದವರೆಲ್ಲ ಗೆದ್ದಿದ್ದರು, ಹಾಗೆ ಗೆದ್ದವರೆಲ್ಲ ಹೋಗಿದ್ದರು. ಒಬ್ಬರು ಸೋತರೆ ಆ ಸಾಲು ಮುರಿಯುತ್ತದೆ. ಮುರಿದ ಕಡೆಯಿಂದ ಅತ್ತಿಗೆ ಹೇಗೋ ನುಸುಳಿ ಈಚೆ ಬಂದುಬಿಡಬಹುದು. ದೇವರ ಮನೆಯಲ್ಲಿ ದೀಪ ಹಚ್ಚುವಾಗ ಅವಳು ಅತ್ತಿಗೆಯ ಆಯಸ್ಸು ಕೇಳಲಿಲ್ಲ. ಅದನ್ನು ಕೇಳಲು ಧೈರ್ಯ ಬರಲಿಲ್ಲ. ಭಾಮಿನಿಯ ಗೆಲುವು ಕೇಳಿದಳು.

ಆ ದಿನಗಳಲ್ಲಿ ಪಂಕಜಾಕ್ಷಿ ಸೆಲ್‌ಫೋನನ್ನು ಬಾಯಿ ಹತ್ತಿರ ಹಿಡಿದು ಒಂದೆರಡು ವಾಕ್ಯಗಳನ್ನು ಮತ್ತೆ ಮತ್ತೆ ಹೇಳಿ ಯಾರಿಗೋ ಕಳಿಸುತ್ತಿದ್ದರು. ಏನೆಂದು ಕೇಳಿದರೆ, "ಒಂದು ಮಗುವಿಗೆ ಪಾಠ. ಸ್ಟೇಜಿನ ಮೇಲೆ ಕನ್ನಡದಲ್ಲೇ ಮಾತಾಡ್ತೀನಿ ಅಂತ ಹಟ ಹಿಡಿದಿದೆ," ಎಂದರು. ಅವರ ಮುಖದಲ್ಲಿ ಅಂಥ ಬೆಳಕನ್ನು ವನಮಾಲಾ ಬಹಳ ದಿನಗಳಿಂದ ನೋಡಿರಲಿಲ್ಲ.

ಸಮಾರಂಭದ ಸಂಜೆ ಸಭಾಂಗಣದ ಹಿಂಬದಿಯ ನಿಯಂತ್ರಣ ಕೊಠಡಿಯಲ್ಲಿ ವನಮಾಲಾಳ ಡ್ಯೂಟಿ. ಬೋಪಯ್ಯನವರೂ ಇದ್ದರು. ಬಾಗಿಲ ಮೇಲೆ ಕೆಂಪು ದೀಪ; ಅದು ಉರಿಯುವಾಗ ಒಳಗೆ ಯಾರೂ ಮಾತಾಡುವಂತಿಲ್ಲ. ಇಶಾನಿ ಕಳಿಸಿದ ಪಾಸು ಹಿಡಿದು ಪಂಕಜಾಕ್ಷಿಯೂ ಬಂದಿದ್ದರು. ಒಳಗಿನ ಮೆಟ್ಟಿಲುಗಳನ್ನು ನೋಡಿ, "ನಾನು ಇಲ್ಲೇ ಇರ್ತೀನಿ, ಟಿವಿ ಇದೆಯಲ್ಲ" ಎಂದು ಕೊಠಡಿಯ ಹೊರಗಿನ ಬೆಂಚಿನ ಮೇಲೆ, ತೊಡೆಯ ಮೇಲೆ ಚೀಲವಿಟ್ಟುಕೊಂಡು ಕೂತರು. ಕಾವಲಿನವನು ಅವರಿಗಾಗಿ ಫ್ಯಾನು ತಿರುಗಿಸಿಕೊಟ್ಟ.

ಯಂತ್ರದ ಮಾತು ಪ್ರಸಾರವಾಯಿತು. ಭಾಮಿನಿ ಎದ್ದುಹೋಗಲಿಲ್ಲ. ಅವಳು ಕೂತಿದ್ದನ್ನು ಕಂಡು ವನಮಾಲಾಳಿಗೆ ಎಲ್ಲೋ ಸ್ವಲ್ಪ ಆಸೆ ಚಿಗುರಿತು. ವೇದಿಕೆಯ ಮೇಲೆ ಅರಗು ಒಡೆದರು. ಹೆಸರು ಓದುವ ಮುಂಚೆ ಓದುವವನು ನಕ್ಕ. ವನಮಾಲಾ ಮೇಜಿನ ಅಂಚು ಹಿಡಿದುಕೊಂಡಳು.

ಇಶಾನಿ.

ಚಪ್ಪಾಳೆ ಸಮುದ್ರದಂತೆ ಎದ್ದಿತು. ಬೋಪಯ್ಯ ಅವಳ ಕಡೆ ನೋಡಲಿಲ್ಲ. ತಮ್ಮ ಮುಂದಿನ ಗುಂಡಿಗಳನ್ನೇ ನೋಡುತ್ತ ಕೂತರು. ಹುಡುಗಿ ವೇದಿಕೆ ಹತ್ತಿ, ಹಂಸವನ್ನು ಎದೆಗೊತ್ತಿಕೊಂಡು, ಮೈಕಿನ ಮುಂದೆ ನಿಂತಳು. ಕಲಿತ ಪಾಠ ಒಪ್ಪಿಸುವ ಮಗುವಿನಂತೆ ಕಣ್ಣು ಮುಚ್ಚಿಕೊಂಡಳು.

"ಎಲ್ಲರಿಗೂ ನಮ... ಸ್ಕಾರ. ಈ ಚಿತ್ರದಲ್ಲಿ ನನ್ನದು ಮುಖ ಮಾತ್ರ. ಮಾತೆಲ್ಲ ಬೇ... ರೆಯವರದು. ಅವರ ಹೆಸರು ಎಲ್ಲೂ ಹಾಕಿಲ್ಲ."

ವನಮಾಲಾಳ ಕೈ ಹೆಡ್‌ಫೋನಿಗೆ ಹೋಯಿತು. ಆ ಹುಡುಗಿಯ ಎದೆಯಲ್ಲಿ ಕುದುರೆಯ ಉಸಿರಿತ್ತು. ಆದರೂ ಅವಳು ಪದದ ನಡುವೆ ನಿಲ್ಲುತ್ತಿದ್ದಳು, ಕಿವಿಗೆ ಕೇಳುವಷ್ಟು ದೊಡ್ಡದಾಗಿ. ಅತ್ತಿಗೆ ಸೆಲ್‌ಫೋನಿನಲ್ಲಿ ಕಳಿಸಿದ ಪಾಠವನ್ನು ಉಸಿರುಸಿರಾಗಿ ಬಾಯಿಪಾಠ ಮಾಡಿದ್ದಳು. ಕನ್ನಡ ಹೀಗೇ ಆಡಬೇಕೆಂದು ತಿಳಿದಿದ್ದಳು. ತೆರೆಯ ಮೇಲಿನ ಅಲೆಯಲ್ಲಿ ಆ ನೂಲು ಬಿಟ್ಟ ಜಾಗಗಳು ಒಂದೊಂದಾಗಿ ಹಾದುಹೋದವು. ಸಭಾಂಗಣ ಗಪ್ಪಾಯಿತು. ಮುಂದಿನ ಸಾಲಿನಲ್ಲಿ ಭಾಮಿನಿ ಸೆರಗಿನಿಂದ ಕಣ್ಣೊತ್ತಿಕೊಂಡಳು. ಯಾರಿಗೂ ಯಾಕೆಂದು ಗೊತ್ತಿರಲಿಲ್ಲ.

"ಅದು ನಮ್ಮ ಪಂಕಜಾ... ಕ್ಷಿ ಅಮ್ಮನವರ ಮಾತು. ಹಂಸ ಅವರದು."

ಪ್ರಸಾರದ ನಿರ್ದೇಶಕ ಕೈಸನ್ನೆ ಮಾಡಿದ. ಕ್ಯಾಮೆರಾಗಳು ಸಾಲುಸಾಲಾಗಿ ಮುಖಗಳನ್ನು ತಡಕಾಡಿದವು. ಯಾವ ಮುಖವನ್ನು ಹುಡುಕಬೇಕೆಂದು ಅವುಗಳಿಗೆ ತಿಳಿಯದು.

ವನಮಾಲಾಳ ಬೆನ್ನ ಹಿಂದೆ ಬಾಗಿಲು ಸದ್ದಿಲ್ಲದೆ ತೆರೆಯಿತು. ಕೆಂಪು ದೀಪ ಉರಿಯುತ್ತಿತ್ತು. ಪಂಕಜಾಕ್ಷಿ ಹೊಸ್ತಿಲಲ್ಲಿ ನಿಂತು ಉಸಿರು ಹಿಡಿತಕ್ಕೆ ತಂದುಕೊಂಡರು. ಅವರ ಕೆನ್ನೆ ಒದ್ದೆಯಾಗಿತ್ತು, ಮುಖ ನಗುತ್ತಿತ್ತು. ವನಮಾಲಾ ಎದ್ದುನಿಂತಳು. ಏನೋ ಹೇಳಲು ಬಾಯಿ ತೆರೆದಳು. ಅತ್ತಿಗೆ ಬೇಡವೆಂದು ತಲೆಯಾಡಿಸಿ, ಬಾಗಿಲ ಮೇಲಿನ ದೀಪವನ್ನು ಕಣ್ಣಲ್ಲೇ ತೋರಿಸಿದರು. ಅವಳು ಬೆಳಗಿನಿಂದ ಏನೂ ತಿಂದಿರಲಿಲ್ಲವೆಂದು ಅವರಿಗೆ ಗೊತ್ತಿತ್ತು. ಚೀಲದಿಂದ ಹಿತ್ತಾಳೆ ಕ್ಯಾರಿಯರ್ ತೆಗೆದು, ಕಟ್ಟಿದ ರೀಲು ಸಡಿಲವಾಗಿದೆಯೇ ಎಂದು ಒಮ್ಮೆ ಬೆರಳಿನಿಂದ ಮುಟ್ಟಿ ನೋಡಿ, ಮಾತಿಲ್ಲದೆ ಅವಳ ಎರಡೂ ಕೈಗಳ ಮೇಲೆ ಇಟ್ಟರು.